ಮೊದಲು ತಾಳೆ, ಆಮೇಲೆ ಉತ್ತರ: ದತ್ತಾಂಶ ವಿಶ್ಲೇಷಣೆಯ ವೃತ್ತಿ ಕುರಿತ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದತ್ತಾಂಶ ವಿಶ್ಲೇಷಣೆ, ಅಂದರೆ ಡೇಟಾ ಅನಲಿಟಿಕ್ಸ್ ಎಂದು ಎಲ್ಲರೂ ಕರೆಯುವ ಕೆಲಸವನ್ನು ಕುರಿತವು. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿ ಆರು ಪ್ರಶ್ನೆಗಳಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ವಾಣಿಜ್ಯ ಪದವೀಧರೆ, ಎರಡು ವರ್ಷಗಳಿಂದ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಡೇಟಾ ಅನಲಿಟಿಕ್ಸ್‌ಗೆ ಬರಬೇಕೆಂಬ ಆಸೆ. ಎಕ್ಸೆಲ್, ಎಸ್‌ಕ್ಯೂಎಲ್, ಪೈಥಾನ್, ಆರ್, ಪವರ್ ಬಿಐ, ಟ್ಯಾಬ್ಲೊ ಎಂದು ಕಲಿಯಬೇಕಾದವುಗಳ ಪಟ್ಟಿ ಬೆಳೆಯುತ್ತಲೇ ಇದೆ. ಎಲ್ಲಿಂದ ಆರಂಭಿಸಲಿ? ಕೋಡಿಂಗ್ ಗೊತ್ತಿಲ್ಲದವರಿಗೆ ಇದು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ಲೆಕ್ಕಪತ್ರ ವಿಭಾಗದ ಎರಡು ವರ್ಷಗಳು ನಿಮಗೆ ಬಂಡವಾಳವೇ ಆಗುತ್ತವೆ. ಜಮೆಯೂ ಖರ್ಚೂ ತಾಳೆಯಾಗದ ಹೊರತು ಪುಸ್ತಕ ಮುಚ್ಚುವಂತಿಲ್ಲ ಎಂಬ ಶಿಸ್ತು ನಿಮಗೆ ಈಗಾಗಲೇ ರೂಢಿಯಾಗಿರುತ್ತದೆ. ನಮ್ಮ ಕೆಲಸಕ್ಕೆ ಬರುವ ಹೊಸಬರಿಗೆ ಕಲಿಸಲು ಅತ್ಯಂತ ಕಷ್ಟವಾಗುವುದು ಅದೇ ಶಿಸ್ತು.

ಸ್ಪ್ರೆಡ್‌ಶೀಟ್‌ನಿಂದಲೇ ಆರಂಭಿಸಿ, ಆದರೆ ಈವರೆಗೆ ಬಳಸಿದ್ದಕ್ಕಿಂತ ಆಳವಾಗಿ ಕಲಿಯಿರಿ. ಸಾಲುಗಳನ್ನು ಗುಂಪುಮಾಡಿ ಮೊತ್ತ ತೋರಿಸುವ ಪಿವೋಟ್ ಟೇಬಲ್ ಮಾಡುವುದು, ಎರಡು ಹಾಳೆಗಳನ್ನು ಲುಕಪ್ ಸೂತ್ರದಿಂದ ಜೋಡಿಸುವುದು, ಅಕ್ಷರರೂಪದಲ್ಲಿ ಬಂದ ದಿನಾಂಕವನ್ನು ನಿಜವಾದ ದಿನಾಂಕವಾಗಿಸುವುದು, ಇವಿಷ್ಟು ಕೈಗೆ ಹತ್ತಿದರೆ ಸಾಕು. ಜೊತೆಗೆ ಅದರ ಮಿತಿಯನ್ನೂ ಅರಿತಿರಬೇಕು. ಇಂದಿನ ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲುಗಳಿಗಷ್ಟೇ ಜಾಗವಿದೆ. ಹಳೆಯ ಎಕ್ಸ್‌ಎಲ್‌ಎಸ್ ಕಡತದಲ್ಲಿ 65,536 ಸಾಲುಗಳಿಗೆ ಮಾತ್ರ. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನಲ್ಲಿ ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಇದೇ ಹಳೆಯ ಬಗೆಯ ಕಡತಗಳ ಮೂಲಕ ಸಾಗಿಸುತ್ತಿದ್ದಾಗ ಮಿತಿ ಮೀರಿದ ಸಾಲುಗಳು ಸದ್ದಿಲ್ಲದೆ ಉದುರಿಹೋದವು. ಹೀಗೆ 15,841 ಸೋಂಕಿತರ ಲೆಕ್ಕ ದೈನಂದಿನ ವರದಿಯಿಂದ ತಪ್ಪಿತು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು. ಬಂದ ಸಾಲುಗಳೆಷ್ಟು, ಒಳಗೆ ಸೇರಿದ ಸಾಲುಗಳೆಷ್ಟು ಎಂದು ತಾಳೆ ನೋಡುವ ಒಂದು ಹೆಜ್ಜೆ ಅಲ್ಲಿದ್ದಿದ್ದರೆ ಅದು ಮೊದಲ ದಿನವೇ ಕಣ್ಣಿಗೆ ಬೀಳುತ್ತಿತ್ತು.

ಆಮೇಲೆ ಎಸ್‌ಕ್ಯೂಎಲ್. ಇದರಲ್ಲಿ ರಾಜಿ ಬೇಡ. ದತ್ತಾಂಶವನ್ನು ಕೋಷ್ಟಕಗಳಾಗಿ ಜೋಡಿಸಿಡುವ, ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ಸಂಬಂಧಾತ್ಮಕ ಮಾದರಿಯ ಆಧಾರದ ಮೇಲೆ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ರೂಪಿಸಿದ ಈ ಭಾಷೆ 1986ರಲ್ಲಿ ಅಮೆರಿಕದ ಅಧಿಕೃತ ಮಾನಕವಾಯಿತು. ಅಂದಿನಿಂದ ಎಷ್ಟೋ ಸಾಧನಗಳು ಬಂದು ಹೋದರೂ ಸಂಸ್ಥೆಗಳ ದತ್ತಾಂಶ ಬಹುಪಾಲು ಇಂದಿಗೂ ಇದೇ ಭಾಷೆಗೆ ಓಗೊಡುತ್ತದೆ. ಇದು ಪ್ರೋಗ್ರಾಮಿಂಗ್ ಹಿನ್ನೆಲೆಯನ್ನು ಬೇಡುವುದಿಲ್ಲ. ಯಾವ ಕೋಷ್ಟಕದಿಂದ, ಯಾವ ಷರತ್ತಿಗೆ ಒಳಪಟ್ಟ ಸಾಲುಗಳನ್ನು, ಯಾವ ಗುಂಪುಗಳಾಗಿ ಕೂಡಿಸಿ ಕೊಡಬೇಕು ಎಂದು ಕೇಳುವ ಭಾಷೆಯಿದು. ಎಸ್‌ಕ್ಯೂಲೈಟ್ ಅಥವಾ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶವನ್ನು ಉಚಿತವಾಗಿ ನಿಮ್ಮ ಕಂಪ್ಯೂಟರಿಗೆ ಹಾಕಿಕೊಂಡು ದಿನಕ್ಕೊಂದು ಗಂಟೆ ಅಭ್ಯಾಸ ಮಾಡಿ.

ಪೈಥಾನ್ ಮತ್ತು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳ ಪೈಕಿ ಒಂದನ್ನು ಹಿಡಿದರೆ ಸಾಕು, ಅದೂ ಮೂರನೆಯದಾಗಿ. ಗ್ರಾಫ್, ವರದಿಗಳನ್ನು ರೂಪಿಸುವ ಪವರ್ ಬಿಐ, ಟ್ಯಾಬ್ಲೊಗಳಿಗೂ ಇದೇ ಮಾತು: ಒಂದು ಬಂದರೆ ಇನ್ನೊಂದನ್ನು ಕೆಲಸಕ್ಕೆ ಸೇರಿದ ಮೇಲೂ ಕಲಿಯಬಹುದು.

ಪ್ರಶ್ನೆ: ಎರಡು ಆನ್‌ಲೈನ್ ಕೋರ್ಸ್ ಮುಗಿಸಿದ್ದೇನೆ, ಅಭ್ಯಾಸದ ಪ್ರಶ್ನೆಗಳನ್ನೆಲ್ಲ ಬಿಡಿಸಬಲ್ಲೆ. ಆದರೆ ಇಂಟರ್ನ್‌ಶಿಪ್‌ನಲ್ಲಿ ನಿಜವಾದ ದತ್ತಾಂಶ ಕೈಗೆ ಬಂದಾಗ ಮೊದಲು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಏನು ತಪ್ಪಿದೆ?

ಉತ್ತರ: ತಪ್ಪು ನಿಮ್ಮದಲ್ಲ. ಕೋರ್ಸುಗಳಲ್ಲಿ ಕೊಡುವ ದತ್ತಾಂಶವನ್ನು ಯಾರೋ ಮೊದಲೇ ತೊಳೆದು ಒಣಗಿಸಿ ಮಡಿಸಿಟ್ಟಿರುತ್ತಾರೆ. ನಿಜವಾದದ್ದು ಹಾಗೆ ಬರುವುದಿಲ್ಲ. ಅದರ ಮುಂದೆ ಕುಳಿತಾಗ ನಾನು ಇಂದಿಗೂ ಮಾಡುವ ಮೊದಲ ಕೆಲಸವೆಂದರೆ ಒಂದು ಸಾಲು ಯಾವುದನ್ನು ಪ್ರತಿನಿಧಿಸುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳುವುದು. ಒಂದು ಸಾಲು ಒಬ್ಬ ಗ್ರಾಹಕನೋ, ಒಂದು ಆರ್ಡರೋ, ಆರ್ಡರಿನೊಳಗಿನ ಒಂದು ವಸ್ತುವೋ? ಆ ವಾಕ್ಯವನ್ನು ಬರೆಯಲಾಗದಿದ್ದರೆ ಮುಂದಿನ ಯಾವ ಲೆಕ್ಕವನ್ನೂ ನಂಬುವಂತಿಲ್ಲ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ ತಿಂಗಳ ಮಾರಾಟದ ಮೊತ್ತವನ್ನು ಕೇಳಿದ್ದರು. ಆರ್ಡರುಗಳದ್ದು ಒಂದು ಕೋಷ್ಟಕ, ಕಳುಹಿಸಿದ ಪಾರ್ಸೆಲ್‌ಗಳದ್ದು ಇನ್ನೊಂದು. ಎರಡನ್ನೂ ಆರ್ಡರ್ ಸಂಖ್ಯೆಯ ಮೇಲೆ ಜಾಯಿನ್ ಮಾಡಿ, ಅಂದರೆ ಒಂದೇ ಸಂಖ್ಯೆಯ ಸಾಲುಗಳನ್ನು ಜೋಡಿಸಿ, ಮೊತ್ತ ಕೂಡಿಸಿ ಕೊಟ್ಟೆ. ಮರುದಿನ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಒಂದು ಹಾಳೆ ಹಿಡಿದು ಬಂದರು. ಅದರಲ್ಲಿ 1,000 ಮೊತ್ತದ ಒಂದೇ ಆರ್ಡರಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಆ ಆರ್ಡರ್ ಎರಡು ಪಾರ್ಸೆಲ್‌ಗಳಲ್ಲಿ ಹೋಗಿತ್ತು; ಜಾಯಿನ್ ಮಾಡಿದಾಗ ಅದು ಎರಡು ಸಾಲುಗಳಾಗಿ, ನನ್ನ ಲೆಕ್ಕದಲ್ಲಿ 2,000 ಆಗಿತ್ತು. ಕ್ವೆರಿ, ಅಂದರೆ ನಾನು ಬರೆದ ಎಸ್‌ಕ್ಯೂಎಲ್ ಆದೇಶ, ಯಾವ ದೋಷವನ್ನೂ ತೋರಿಸಿರಲಿಲ್ಲ, ಏಕೆಂದರೆ ವ್ಯಾಕರಣ ಸರಿಯಿತ್ತು, ಅರ್ಥ ತಪ್ಪಿತ್ತು. ಜಾಯಿನ್‌ಗೆ ಮೊದಲು ಎಷ್ಟು ಸಾಲುಗಳಿದ್ದವು, ಆಮೇಲೆ ಎಷ್ಟಾದವು ಎಂದು ಎಣಿಸಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅಂದಿನಿಂದ ಪ್ರತಿ ಜಾಯಿನ್‌ನ ಎರಡೂ ಬದಿಯಲ್ಲಿ ಸಾಲು ಎಣಿಸದೆ ನಾನು ಮುಂದೆ ಹೋಗಿಲ್ಲ.

ಎರಡನೆಯದು ಖಾಲಿ ಜಾಗಗಳು. ಎಸ್‌ಕ್ಯೂಎಲ್‌ನಲ್ಲಿ ನಲ್ ಎಂದರೆ ಸೊನ್ನೆಯಲ್ಲ, ಖಾಲಿ ಅಕ್ಷರವೂ ಅಲ್ಲ. ಅಲ್ಲಿನ ಮೌಲ್ಯ ತಿಳಿದಿಲ್ಲ ಎಂದಷ್ಟೇ ಅರ್ಥ. ಹತ್ತು ಜನರಲ್ಲಿ ನಾಲ್ವರು ರೇಟಿಂಗ್ ಕೊಡದಿದ್ದರೆ ಸರಾಸರಿ ಬರುವುದು ಉಳಿದ ಆರು ಜನರದ್ದು. ಅದನ್ನು ಹತ್ತೂ ಜನರ ಅಭಿಪ್ರಾಯವೆಂದು ವರದಿ ಮಾಡಿದರೆ ಸುಳ್ಳು ಹೇಳಿದಂತೆಯೇ. ನಗರದ ಕಾಲಂನಲ್ಲಿ ಇಂಥ ಊರಿಗೆ ಸಮವಲ್ಲದ್ದು ಎಂದು ಷರತ್ತು ಹಾಕಿದರೆ ನಗರವೇ ದಾಖಲಾಗದ ಸಾಲುಗಳೂ ಬಿಟ್ಟುಹೋಗುತ್ತವೆ ಎಂಬುದು ಅನುಭವಸ್ಥರಿಗೂ ಆಗಾಗ ಮರೆಯುತ್ತದೆ.

ಮೂರನೆಯದು, ನೀವು ಕೇಳದೆಯೇ ಸಾಧನವು ಮಾಡುವ ಬದಲಾವಣೆ. ಎಕ್ಸೆಲ್ ಕೆಲವು ವಂಶವಾಹಿಗಳ ಸಂಕೇತನಾಮಗಳನ್ನು ಮಾರ್ಚ್, ಸೆಪ್ಟೆಂಬರ್ ತಿಂಗಳ ದಿನಾಂಕಗಳೆಂದು ಬಗೆದು ಬದಲಿಸುತ್ತಿದ್ದ ಕಾರಣ, ವಂಶವಾಹಿಗಳಿಗೆ ಹೆಸರಿಡುವ ಸಮಿತಿ ಆ ಹೆಸರುಗಳನ್ನೇ ಬದಲಿಸಬೇಕಾಯಿತು. ಈ ಕುರಿತ ಮಾರ್ಗಸೂಚಿ ಹೊರಬಿದ್ದದ್ದು 2020ರಲ್ಲಿ. ಸೊನ್ನೆಯಿಂದ ಆರಂಭವಾಗುವ ಗ್ರಾಹಕ ಸಂಖ್ಯೆಗಳ ಮುಂದಿನ ಸೊನ್ನೆ ಉದುರುವುದೂ ಇದೇ ಬಗೆಯದು. ಆದ್ದರಿಂದ ಮೂಲ ಕಡತವನ್ನು ಮುಟ್ಟದೆ ಹಾಗೆಯೇ ಇಟ್ಟು, ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿ.

ಪ್ರಶ್ನೆ: ಗಣಿತ ನನಗೆ ಅಷ್ಟಕ್ಕಷ್ಟೇ. ಎಷ್ಟು ಸಂಖ್ಯಾಶಾಸ್ತ್ರ ಬೇಕಾಗುತ್ತದೆ?

ಉತ್ತರ: ವಿಶ್ಲೇಷಕರ ಮೊದಲ ಹುದ್ದೆಗೆ ಕಲನಶಾಸ್ತ್ರ ಬೇಕಾಗುವುದಿಲ್ಲ. ಸರಾಸರಿ, ಮಧ್ಯಾಂಕ, ಹರಡಿಕೆ, ಶೇಕಡಾವಾರು, ಸಹಸಂಬಂಧ (ಎರಡು ಅಂಕಿಗಳು ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ), ಮಾದರಿ ಆಯ್ಕೆ, ಇವುಗಳ ಅರ್ಥ ಚೆನ್ನಾಗಿ ತಿಳಿದಿರಬೇಕು. ಸೂತ್ರವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅದು ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ನೀವೇ ನೋಡಿಕೊಳ್ಳಬೇಕು.

ಒಂದು ಸಂಜೆ ಬಿಡುವು ಮಾಡಿಕೊಂಡು ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕಂಬ್ 1973ರಲ್ಲಿ ಪ್ರಕಟಿಸಿದ ನಾಲ್ಕು ಪುಟ್ಟ ಕೋಷ್ಟಕಗಳನ್ನು ನಿಮ್ಮ ಕೈಯಾರೆ ಸ್ಪ್ರೆಡ್‌ಶೀಟ್‌ಗೆ ಹಾಕಿ ನೋಡಿ. ಒಂದೊಂದರಲ್ಲೂ 11 ಬಿಂದುಗಳು. ನಾಲ್ಕರಲ್ಲೂ ಎಕ್ಸ್‌ನ ಸರಾಸರಿ 9, ವೈನ ಸರಾಸರಿ ಸುಮಾರು 7.5, ಸಹಸಂಬಂಧ ಸುಮಾರು 0.816. ಅಂಕಿಗಳನ್ನಷ್ಟೇ ನೋಡಿದರೆ ನಾಲ್ಕೂ ಒಂದೇ ಅನ್ನಿಸುತ್ತದೆ. ಗ್ರಾಫ್ ಬರೆದರೆ ಮೊದಲನೆಯದು ಒಂದು ರೇಖೆಯ ಸುತ್ತ ಚದುರಿದ ಬಿಂದುಗಳು, ಎರಡನೆಯದು ಬಾಗಿದ ಕಮಾನು, ಮೂರನೆಯದು ನೇರ ಗೆರೆಯಿಂದ ಒಂದೇ ಬಿಂದು ದೂರ ಹಾರಿದ್ದು. ನಾಲ್ಕನೆಯದರಲ್ಲಿ ಹತ್ತು ಬಿಂದುಗಳು ಒಂದೇ ಲಂಬ ಗೆರೆಯಲ್ಲಿ ನಿಂತಿದ್ದರೆ ಹನ್ನೊಂದನೆಯದು ದೂರದಲ್ಲಿ ಒಂಟಿಯಾಗಿ ನಿಂತು ಇಡೀ ಸಹಸಂಬಂಧವನ್ನು ತಾನೇ ಹೊತ್ತಿರುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಗ್ರಾಫ್ ನೋಡದೆ ಸರಾಸರಿಯನ್ನು ನಂಬುವುದಿಲ್ಲ.

ಇನ್ನೊಂದು ಉದಾಹರಣೆಯನ್ನೂ ತಿಳಿದಿರಿ. 1973ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶದಲ್ಲಿ ಅರ್ಜಿ ಹಾಕಿದ ಪುರುಷರಲ್ಲಿ ಸುಮಾರು ಶೇ 44ರಷ್ಟು ಮಂದಿಗೆ, ಮಹಿಳೆಯರಲ್ಲಿ ಸುಮಾರು ಶೇ 35ರಷ್ಟು ಮಂದಿಗೆ ಸೀಟು ಸಿಕ್ಕಿತ್ತು. ತಾರತಮ್ಯ ಎದ್ದು ಕಾಣುವಂತಿತ್ತು. ವಿಭಾಗವಾರು ಬಿಡಿಸಿ ನೋಡಿದಾಗ ಆ ಅಂತರ ಬಹುಮಟ್ಟಿಗೆ ಕರಗಿಹೋಯಿತು. ಮಹಿಳೆಯರು ಹೆಚ್ಚಾಗಿ ಅರ್ಜಿ ಹಾಕಿದ್ದು ಯಾರಿಗೇ ಆದರೂ ಸೀಟು ಸಿಗುವುದು ಕಷ್ಟವಾಗಿದ್ದ ವಿಭಾಗಗಳಿಗೆ. ಒಟ್ಟು ಅಂಕಿಯೂ ಸುಳ್ಳಲ್ಲ, ವಿಭಾಗದ ಅಂಕಿಯೂ ಸುಳ್ಳಲ್ಲ. ಕೇಳಿದ ಪ್ರಶ್ನೆಗೆ ಯಾವುದು ಉತ್ತರವಾಗುತ್ತದೆ ಎಂದು ನಿರ್ಧರಿಸುವುದೇ ವಿಶ್ಲೇಷಕರ ಕೆಲಸ.

ಪ್ರಶ್ನೆ: ಪ್ರಮಾಣಪತ್ರಗಳಿಂದ ಕೆಲಸ ಸಿಗುತ್ತದೆಯೇ?

ಉತ್ತರ: ಪ್ರಮಾಣಪತ್ರ ನಿಮ್ಮ ಕಲಿಕೆಗೆ ಒಂದು ಕ್ರಮ ಕೊಡುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಅರ್ಜಿ ನೋಡುವವರಿಗೆ ಅದಕ್ಕಿಂತ ಬೇಕಾದದ್ದು ನೀವೇ ಮಾಡಿ ಮುಗಿಸಿದ ಒಂದು ಕೆಲಸ. ಟೈಟಾನಿಕ್ ಪ್ರಯಾಣಿಕರ ಪಟ್ಟಿಯಂತಹ, ಸಾವಿರಾರು ಜನ ಈಗಾಗಲೇ ಬಿಡಿಸಿದ ದತ್ತಾಂಶವನ್ನು ಬಿಟ್ಟು, ನಿಮಗೆ ನಿಜವಾಗಿ ಕುತೂಹಲವಿರುವ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಿ. ದತ್ತಾಂಶ ಎಲ್ಲಿಂದ ಬಂತು, ಯಾವ ಸಾಲುಗಳನ್ನು ಏಕೆ ಕೈಬಿಟ್ಟಿರಿ, ಏನು ಕಂಡುಬಂತು, ಯಾವುದನ್ನು ಈ ದತ್ತಾಂಶದಿಂದ ಹೇಳಲಾಗದು, ಇಷ್ಟನ್ನೂ ಎರಡು ಪುಟಗಳಲ್ಲಿ ಬರೆದು ಕ್ವೆರಿಗಳ ಜೊತೆ ಇಡಿ. ಅರೆಬರೆ ಮಾಡಿದ ಹತ್ತು ಪ್ರಾಜೆಕ್ಟುಗಳಿಗಿಂತ ಇಂಥದ್ದೊಂದು ಇದ್ದರೆ ಸಾಕು.

ಪ್ರಶ್ನೆ: ಕೃತಕ ಬುದ್ಧಿಮತ್ತೆಯ ಸಾಧನಗಳು ಈಗ ಎಸ್‌ಕ್ಯೂಎಲ್ ಅನ್ನು ತಾವೇ ಬರೆದುಕೊಡುತ್ತವೆ. ಹೀಗಿರುವಾಗ ಕಲಿತು ಏನು ಪ್ರಯೋಜನ?

ಉತ್ತರ: ಆತಂಕ ಅರ್ಥವಾಗುತ್ತದೆ. ನಾನೂ ಆ ಸಾಧನಗಳನ್ನು ಬಳಸುತ್ತೇನೆ. ಮರೆತ ಸೂತ್ರವನ್ನು ನೆನಪಿಸಲು, ಉದ್ದದ ಕ್ವೆರಿಯನ್ನು ಬೇಗ ಬರೆಯಲು ಅವು ನಿಜಕ್ಕೂ ನೆರವಾಗುತ್ತವೆ. ಆದರೆ ಮೇಲೆ ಹೇಳಿದ ಪಾರ್ಸೆಲ್‌ನ ತಪ್ಪನ್ನು ನೆನೆಯಿರಿ. ಒಂದು ಆರ್ಡರ್ ಎರಡು ಪಾರ್ಸೆಲ್‌ಗಳಲ್ಲಿ ಹೋಗಬಹುದು ಎಂಬ ಸಂಗತಿ ಆ ಸಂಸ್ಥೆಯ ಗೋದಾಮಿನಲ್ಲಿ ಕೆಲಸ ಮಾಡುವವರಿಗೆ ಗೊತ್ತಿತ್ತು, ಕೋಷ್ಟಕದ ಹೆಸರಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಅದನ್ನು ಯಾರೂ ಹೇಳದಿದ್ದರೆ ಯಂತ್ರವೂ ನಾನು ಬರೆದ ಕ್ವೆರಿಯನ್ನೇ ಬರೆಯಬಹುದು, ನನಗಿಂತ ವೇಗವಾಗಿ. ಬಂದ ಉತ್ತರವನ್ನು ಓದಿ ಇದು ಸರಿಯಿಲ್ಲ ಎನ್ನಲು ಭಾಷೆ ಬರಬೇಕು, ವ್ಯವಹಾರವೂ ತಿಳಿದಿರಬೇಕು. ಕಲಿಯುವ ಮೊದಲ ಆರು ತಿಂಗಳು ಕ್ವೆರಿಗಳನ್ನು ಸ್ವತಃ ಬರೆಯಿರಿ ಎಂಬುದು ನನ್ನ ಒತ್ತಾಯ. ಇನ್ನೊಂದು ಮಾತು: ಸಂಸ್ಥೆಯ ಅನುಮತಿಯಿಲ್ಲದೆ ಗ್ರಾಹಕರ ಮಾಹಿತಿಯನ್ನು ಹೊರಗಿನ ಯಾವ ಸಾಧನಕ್ಕೂ ಹಾಕಬೇಡಿ.

ಪ್ರಶ್ನೆ: ಮುಂದಿನ ತಿಂಗಳು ಮೊದಲ ಸಂದರ್ಶನವಿದೆ. ಏನು ಕೇಳುತ್ತಾರೆ?

ಉತ್ತರ: ಎಸ್‌ಕ್ಯೂಎಲ್‌ನಲ್ಲಿ ಜಾಯಿನ್, ಗುಂಪುಗಳಾಗಿ ಕೂಡಿಸುವ ಗ್ರೂಪ್ ಬೈ, ಸಾಲುಗಳನ್ನು ಬಿಡಿಯಾಗಿಯೇ ಉಳಿಸಿ ಗುಂಪಿನ ಲೆಕ್ಕ ಕೊಡುವ ವಿಂಡೋ ಫಂಕ್ಷನ್‌ಗಳ ಮೇಲೆ ಪ್ರಶ್ನೆಗಳು ಬರುತ್ತವೆ, ಅವು ಅಭ್ಯಾಸದಿಂದ ಒಲಿಯುತ್ತವೆ. ಹೆಚ್ಚಿನವರು ಎಡವುವುದು ಕಳೆದ ತಿಂಗಳು ಮಾರಾಟ ಶೇ 10ರಷ್ಟು ಇಳಿದಿದೆ, ಏನು ಮಾಡುತ್ತೀರಿ ಎಂಬಂತಹ ಪ್ರಶ್ನೆಯಲ್ಲಿ. ಕೂಡಲೇ ಕಾರಣ ಊಹಿಸಲು ಹೊರಡಬೇಡಿ. ತಿಂಗಳ ದತ್ತಾಂಶ ಪೂರ್ತಿ ಬಂದಿದೆಯೇ, ಮಾರಾಟ ಎಂಬುದರ ವ್ಯಾಖ್ಯೆ ಬದಲಾಗಿದೆಯೇ, ಹಿಂದಿನ ತಿಂಗಳಿಗೆ 31 ದಿನಗಳಿದ್ದು ಈ ತಿಂಗಳಿಗೆ 28 ಮಾತ್ರವೇ ಎಂದು ಮೊದಲು ಕೇಳಿ. ಜನವರಿಯಿಂದ ಫೆಬ್ರುವರಿಗೆ ಬಂದರೆ ದಿನಗಳೇ ಶೇ 10ರ ಹತ್ತಿರ ಕಡಿಮೆಯಾಗುತ್ತವೆ. ದಿನದ ಸರಾಸರಿ ಹಾಗೆಯೇ ಉಳಿದಿದ್ದರೂ ಒಟ್ಟು ಮೊತ್ತ ಇಳಿಯುತ್ತದೆ. ಅದೆಲ್ಲ ಸರಿಯಿದ್ದರೆ ಪ್ರದೇಶ, ಉತ್ಪನ್ನ, ಹೊಸ ಗ್ರಾಹಕ ಮತ್ತು ಹಳೆಯ ಗ್ರಾಹಕ ಎಂದು ಬಿಡಿಸಿ ಇಳಿಕೆ ಎಲ್ಲಿ ಗುಂಪುಗೂಡಿದೆ ಎಂದು ನೋಡುತ್ತೇನೆ ಎನ್ನಿ. ಉತ್ತರ ತಿಳಿಯದ ಪ್ರಶ್ನೆ ಬಂದರೆ ತಿಳಿದಿಲ್ಲ ಎಂದು ನೇರವಾಗಿ ಹೇಳಿ, ತಿಳಿದುಕೊಳ್ಳಲು ಯಾವ ಕೋಷ್ಟಕ ನೋಡುತ್ತೀರಿ, ಯಾರನ್ನು ಕೇಳುತ್ತೀರಿ ಎಂಬುದನ್ನು ಸೇರಿಸಿ. ಸಂದರ್ಶನ ಮಾಡುವ ಮೇಜಿನ ಆಚೆ ಬದಿಯಲ್ಲಿ ಕುಳಿತಾಗ ನಾನು ಕಾಯುವುದು ಆ ಉತ್ತರಕ್ಕೇ.