ಮಂಡಕ್ಕಿ ಮೆತ್ತಗಾಗುವ ಊರು

*‘ಮಗನಿಗೆ ಮಂಗಳೂರಲ್ಲಿ ಕೆಲಸ ಸಿಕ್ಕಿದೆ. ಈ ಬರದ ಸೀಮೆಯಲ್ಲಿ ನಲ್ಲಿ ಕಾದು ಕಾದು ಸಾಕಾಯಿತು. ಮನೆ ಮಾರಿ, ಮಳೆ ಸುರಿಯುವ ಆ ಊರಿಗೇ ಹೋಗೋಣ ಅಂತಿದ್ದೇವೆ. ತಾವು ಏನಂತೀರಿ?’*
— ನಿವೃತ್ತ ಮೇಷ್ಟ್ರು, ಹೊಳಲ್ಕೆರೆ ತಾಲ್ಲೂಕು

ಮೇಷ್ಟ್ರೇ, ಚಿತ್ರದುರ್ಗದಲ್ಲಿ ಕೂತು ಪತ್ರಿಕೆ ನಡೆಸುವವನನ್ನು ಈ ಮಾತು ಕೇಳಿದ್ದೀರಿ. ಪಕ್ಷಪಾತ ಆಗದೆ ಇರುತ್ತದೆಯೇ?

ಮೊದಲು ಆ ಕಡೆಯ ನ್ಯಾಯ. ಮಂಗಳೂರಲ್ಲಿ ಒಳ್ಳೆಯ ಆಸ್ಪತ್ರೆಗಳಿವೆ, ಕಾಲೇಜುಗಳಿವೆ, ಬಂದರಿದೆ. 1906ರಲ್ಲೇ ಕೆನರಾ ಬ್ಯಾಂಕ್ ಹುಟ್ಟಿಸಿದ ಊರು. ಕಣ್ಣು ಹಾಯಿಸಿದಲ್ಲೆಲ್ಲ ಹಸಿರು, ನಮ್ಮ ಧೂಳಿಲ್ಲ. ಮೀನು ತಿನ್ನುವವರಿಗಂತೂ ಸ್ವರ್ಗ. ಒಪ್ಪಿದೆ.

ಇನ್ನು ಮಳೆ. ವರ್ಷಕ್ಕೆ 3,500 ಮಿ.ಮೀ. ದಾಟಿ ಸುರಿಯುತ್ತದೆ, ನಮಗೆ 600 ಮಿ.ಮೀ. ಆಸುಪಾಸು ಬಿದ್ದರೆ ಹಬ್ಬ. ಆದರೆ ಜೂನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಪಂಚೆ ಒಣಗುವುದು ಫ್ಯಾನಿನ ಕೆಳಗೆ. ಚಪ್ಪಲಿಗೆ ಬೂಷ್ಟು, ಕಿಟಕಿ ಸರಳಿಗೆ ತುಕ್ಕು. ಬೀರು ತುಂಬ ಪುಸ್ತಕ ಇಟ್ಟುಕೊಂಡ ನಿಮ್ಮಂಥವರಿಗೆ ಅದೇ ದೊಡ್ಡ ಶಿಕ್ಷೆ. ಮಳೆ ನಿಂತ ಮೇಲೆ ಸೆಕೆ. ಸ್ನಾನ ಮಾಡಿ ಬಂದವನೇ ಮತ್ತೆ ಬೆವರುತ್ತಾನೆ. ದಾವಣಗೆರೆಯಿಂದ ತರಿಸಿದ ಮಂಡಕ್ಕಿ ಪೊಟ್ಟಣ ಬಿಚ್ಚಿ, ಮೆಣಸಿನಕಾಯಿ ಕರಿಯುವಷ್ಟರಲ್ಲಿ ಮೆತ್ತಗಾಗಿರುತ್ತದೆ. ನನ್ನ ಭಾಮೈದುನ ಅಲ್ಲಿದ್ದಾನೆ, ಫೋನ್ ಮಾಡಿದಾಗಲೆಲ್ಲ ಇದೇ ಗೋಳು.

ಅದೂ ಹೋಗಲಿ. ನಲ್ಲಿ ಕಾಯುವುದು ತಪ್ಪುತ್ತದೆ ಅಂದುಕೊಂಡಿದ್ದೀರಲ್ಲ, 2019ರ ಬೇಸಿಗೆ ನೆನಪಿದೆಯೇ? ತುಂಬೆ ಅಣೆಕಟ್ಟೆಯಲ್ಲಿ ನೀರಿಳಿದು, ಮಂಗಳೂರಿನಲ್ಲೂ ಸರದಿ ಪ್ರಕಾರ ನೀರು ಬಿಟ್ಟರು. ಘಟ್ಟಕ್ಕೂ ಕಡಲಿಗೂ ನಡುವೆ ಇರುವ ಜಾಗವೇ ಸ್ವಲ್ಪ. ಬಿದ್ದ ನೀರು ನೇತ್ರಾವತಿ ಹಿಡಿದು ಸಮುದ್ರಕ್ಕೆ ಓಡುತ್ತದೆ.

ನೀರು ಹಿಡಿದಿಡುವ ವಿದ್ಯೆ ಮಳೆ ಕಡಿಮೆ ಇದ್ದವರದ್ದು. ನಮ್ಮ ಕೋಟೆಯನ್ನೇ ನೋಡಿ. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಊರೊಳಗಿನ ಸಂತೆ ಹೊಂಡ. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರು. ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟೆ ಕಟ್ಟಲು ಶುರುವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಆ ಕಟ್ಟೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ಅವತ್ತು ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋದರು. ನೀರು ಹರಿಯುವುದನ್ನು ನೋಡಲು ಮಂಗಳೂರಿನವರು ಬುತ್ತಿ ಕಟ್ಟುತ್ತಾರೆಯೇ, ಹೇಳಿ!

ಹಾಗಂತ ನಾವೇನು ಸಾಚಾಗಳಲ್ಲ. ಪಾಳೇಗಾರರು ಹೊಂಡ ತೋಡಿದರು, ನಾವು ಸಾವಿರ ಅಡಿ ಬೋರ್‌ವೆಲ್ ಕೊರೆಸಿದೆವು. ಕೆರೆಯಂಗಳದಲ್ಲಿ ಸೈಟು ಮಾಡಿದೆವು, ರಾಜಕಾಲುವೆ ಮೇಲೆ ಅಂಗಡಿ ಎಬ್ಬಿಸಿದೆವು. ಹೂಳು ತೆಗೆಯುವ ಬಿಲ್ಲು ವರ್ಷವರ್ಷ ಪಾಸಾಗುತ್ತದೆ, ಹೂಳು ಮಾತ್ರ ಅಲ್ಲೇ ಇರುತ್ತದೆ. ಇದನ್ನು ಬರೆದರೆ ‘ಅಭಿವೃದ್ಧಿ ವಿರೋಧಿ’ ಅಂತ ಪತ್ರ ಬರುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ನನ್ನದೊಂದೇ ಪ್ರಶ್ನೆ: ಬಂದ ನೀರನ್ನು ಎಲ್ಲಿ ನಿಲ್ಲಿಸುತ್ತೀರಿ, ಲೇಔಟಿನಲ್ಲೇ?

ಮಗ ಹೋಗಲಿ, ಸುಖವಾಗಿರಲಿ. ಚಳಿಗಾಲದಲ್ಲಿ ನೀವೂ ನಾಲ್ಕು ದಿನ ಇದ್ದು ಬನ್ನಿ. ಮನೆ ಮಾತ್ರ ಮಾರಬೇಡಿ. ಅಂದಹಾಗೆ, ಮೂವತ್ತು ವರ್ಷ ಮೇಷ್ಟ್ರಾಗಿದ್ದವರು ನಿಮ್ಮೂರ ಕೆರೆಯ ಬಗ್ಗೆ ಪತ್ರದಲ್ಲಿ ಒಂದಕ್ಷರ ಬರೆದಿಲ್ಲ! ತೂಬು ಇದೆಯೋ, ಏರಿ ಒಡೆದಿದೆಯೋ, ಒತ್ತುವರಿ ಎಷ್ಟು, ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಬಿಟ್ಟಿರುತ್ತೇನೆ.

— ಸಂ.