ಮೊಲದ ಮರಿಗೆ ರೇಷ್ಮೆ ಸೊಪ್ಪು ಹಾಕಬಹುದಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಕಡೆ ಹಳ್ಳಿ, ರೇಷ್ಮೆ ಬೆಳೆಯುತ್ತೇವೆ. ಮಗಳ ಆಸೆಗೆ ತಂದ ಮೊಲ ಆರು ಮರಿ ಹಾಕಿದೆ. ಮೂರು ವಾರ ಆಯಿತು, ತಾಯಿಯ ಮೇವಿಗೆ ಬಾಯಿ ಹಾಕುತ್ತಿವೆ. ತೋಟದ ಹಿಪ್ಪುನೇರಳೆ ಸೊಪ್ಪು, ಬದುವಿನ ಸುಬಾಬುಲ್ ಸೊಪ್ಪು ಕೊಡಬಹುದಾ?

ಉತ್ತರ: ಹಿಪ್ಪುನೇರಳೆ ಖಂಡಿತ ಆಗುತ್ತದೆ, ಆದರೆ ಸ್ವಲ್ಪ ಸ್ವಲ್ಪವಾಗಿ. ಸುಬಾಬುಲ್ ಮಾತ್ರ ಮರಿಗಳಿಗೆ ಬೇಡವೇ ಬೇಡ. ಅದರಲ್ಲಿ ಮಿಮೋಸಿನ್ ಅನ್ನೋ ಅಂಶ ಇದೆ, ಜಾಸ್ತಿ ತಿಂದರೆ ಮೊಲಗಳ ಕೂದಲು ಉದುರುತ್ತದೆ.

ಪಶು ಆಸ್ಪತ್ರೆಯಲ್ಲಿ ಬುಟ್ಟಿಗಟ್ಟಲೆ ಮರಿಗಳನ್ನು ನೋಡಿದವನು ನಾನು. ಕೆಟ್ಟ ಸೊಪ್ಪು ತಿಂದು ಸತ್ತವು ಕಡಿಮೆ. ಒಳ್ಳೆಯ ಸೊಪ್ಪನ್ನೇ ಒಮ್ಮೆಲೇ ತಿಂದು ಸತ್ತವೇ ಹೆಚ್ಚು. ಸೊಪ್ಪಿನ ನಾರು ಅರಗಿಸುವುದು ಮೊಲದ ಕರುಳಿನಲ್ಲಿ ಕುರುಡು ಕರುಳು ಅನ್ನೋ ದೊಡ್ಡ ಚೀಲದಲ್ಲಿರುವ ಸೂಕ್ಷ್ಮಜೀವಿಗಳು. ಹಾಲು ಕುಡಿಯುವ ಮರಿಯಲ್ಲಿ ಅವು ಇನ್ನೂ ನೆಲೆ ನಿಂತಿರುವುದಿಲ್ಲ. ಮರಿಗಳು ತಾಯಿಯ ಹಿಕ್ಕೆ ತಿಂದರೆ ಗಾಬರಿ ಬೀಳಬೇಡಿ, ಆ ಜೀವಿಗಳು ಹೊಟ್ಟೆ ಸೇರುವ ದಾರಿಗಳಲ್ಲಿ ಅದೂ ಒಂದು.

ಹಾಗಾಗಿ ಒಣಹುಲ್ಲು ಯಾವಾಗಲೂ ಮುಂದೆ ಇರಲಿ. ಮೊದಲ ದಿನ ಮರಿಗೆ ಒಂದೆರಡು ಎಲೆ ಸಾಕು. ಹಿಕ್ಕೆ ಗುಂಡಗೆ, ಗಟ್ಟಿಯಾಗಿದ್ದರೆ ದಿನಕ್ಕೊಂದಿಷ್ಟು ಹೆಚ್ಚಿಸಿ. ಐದಾರು ವಾರಕ್ಕೆ ತಾಯಿಯಿಂದ ಬೇರೆ ಮಾಡುವ ಹೊತ್ತಿಗೆ ಸೊಪ್ಪು ಅಭ್ಯಾಸ ಆಗಿರಬೇಕು. ಆ ವಾರ ಮಾತ್ರ ಹೊಸ ಮೇವು ಏನೂ ಬೇಡ, ಮರಿಗಳು ಜಾಸ್ತಿ ಸಾಯುವುದೇ ಆಗ.

ಬೆಳಗ್ಗೆ ಕೊಯ್ದ ಸೊಪ್ಪನ್ನು ನೆರಳಲ್ಲಿ ಹರಡಿ, ಸ್ವಲ್ಪ ಬಾಡಿದ ಮೇಲೆ ಸಂಜೆ ಕೊಡಿ. ರಾಶಿ ಹಾಕಿದ ಒದ್ದೆ ಸೊಪ್ಪು ಒಳಗೇ ಬಿಸಿಯಾಗುತ್ತದೆ, ಅದನ್ನು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಕಡ್ಡಿ ಸಮೇತ ಕಟ್ಟು ಕಟ್ಟಿ ಗೂಡಿನ ಜಾಲರಿಗೆ ತೂಗುಹಾಕಿ. ನೆಲಕ್ಕೆ ಹಾಕಿದರೆ ಮರಿಗಳು ಅದರ ಮೇಲೇ ಹಿಕ್ಕೆ ಹಾಕಿ, ಉಚ್ಚೆ ಹೊಯ್ದು ಆಮೇಲೆ ಅದನ್ನೇ ತಿನ್ನುತ್ತವೆ. ಕಾಕ್ಸಿಡಿಯಾ ಅನ್ನೋ ಪರಾವಲಂಬಿ ಜೀವಿಯ ರೋಗ ಹಿಕ್ಕೆಯಿಂದ ಹರಡುವುದು ಹೀಗೇ.

ನಿಮ್ಮಂಥ ರೇಷ್ಮೆ ಬೆಳೆಗಾರರಿಗೆ ಇನ್ನೊಂದು ಮಾತು. ಹುಳು ತಿಂದು ಬಿಟ್ಟ ಸೊಪ್ಪನ್ನು ಉಳಿತಾಯ ಅಂತ ಮೊಲಕ್ಕೆ ಹಾಕಬೇಡಿ. ಹುಳುವಿನ ಹಾಸಿಗೆಗೆ ಸುಣ್ಣ, ಸೋಂಕುನಿವಾರಕ ಪುಡಿ ಉದುರಿಸಿರುತ್ತೀರಿ ಅಲ್ವಾ? ತೋಟಕ್ಕೆ ಔಷಧಿ ಹೊಡೆದಿದ್ದರೆ, ಹುಳುವಿಗೆ ಎಷ್ಟು ದಿನ ತಡೆಯುತ್ತೀರೋ ಮರಿಗೂ ಕನಿಷ್ಠ ಅಷ್ಟು ದಿನ ತಡೆಯಿರಿ.

ಬದುವಿನಲ್ಲಿ ಅಗಸೆ ಮರ ಇದ್ದರೆ ಅದರ ಸೊಪ್ಪು ಆಗುತ್ತದೆ, ನುಗ್ಗೆಯೂ ಆಗುತ್ತದೆ. ಕಣಗಿಲೆ, ಬೆಣ್ಣೆಹಣ್ಣಿನ ಎಲೆ ವಿಷ. ಹಿಕ್ಕೆ ಮೆತ್ತಗಾಗಿ ಬಾಲಕ್ಕೆ ಅಂಟಿದ್ದು ಕಂಡರೆ ಅವತ್ತೇ ಸೊಪ್ಪು ನಿಲ್ಲಿಸಿ ಬರೀ ಒಣಹುಲ್ಲು, ನೀರು ಕೊಡಿ. ಸ್ವಲ್ಪ ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಮರಿ ಸಮೇತ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಅನ್ನಬೇಡಿ, ಇಷ್ಟು ಚಿಕ್ಕ ಮರಿ ಒಂದು ರಾತ್ರಿಯಲ್ಲೇ ಹೋಗಿಬಿಡಬಹುದು.