ಗಾಡಿ ಯಾವ ಗೇಟಿಗೆ ಬರಬೇಕು?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ಎರಡು ಗೇಟು. ಓಡಾಟವೆಲ್ಲ ಮುಂದಿನ ಗೇಟಿನಲ್ಲಿ, ಹಿಂದಿನದಕ್ಕೆ ಯಾವಾಗಲೂ ಬೀಗ. ಆದರೂ ಕ್ಯಾಬ್ ಬುಕ್ ಮಾಡಿದಾಗಲೆಲ್ಲ ಗಾಡಿ ಹಿಂದಿನ ಓಣಿಗೇ ಹೋಗುತ್ತದೆ. ಅಮ್ಮನಿಗೆ ಮಂಡಿ ನೋವು. ಕಳೆದ ವಾರ ಡಾಕ್ಟರ ಹತ್ತಿರ ಹೊರಟಾಗ ಇಪ್ಪತ್ತು ನಿಮಿಷ ಗೇಟಿನಲ್ಲಿ ನಿಂತೇ ಇದ್ದರು. ಕೊನೆಗೆ ಡ್ರೈವರ್ ಕ್ಯಾನ್ಸಲ್ ಮಾಡಿದರು. ನಾವೇನು ತಪ್ಪು ಮಾಡುತ್ತಿದ್ದೇವೆ?

ಉತ್ತರ: ನಾನು 11 ವರ್ಷ ಕ್ಯಾಬ್ ಓಡಿಸಿದವನು. ಇಂಥ ಹಿಂದಿನ ಓಣಿಗಳಲ್ಲಿ ಹಾರ್ನ್ ಹೊಡೆಯುತ್ತಾ ಎಷ್ಟು ಸಲ ನಿಂತಿದ್ದೇನೋ ಲೆಕ್ಕವಿಲ್ಲ. ಅಮ್ಮನವರು ನಿಂತಿದ್ದನ್ನು ಓದಿ ಸಂಕಟವಾಯಿತು. ನೀವೂ ಆ ಡ್ರೈವರೂ ಬಹುಶಃ ಸರಿಯಾಗಿಯೇ ನಡೆದುಕೊಂಡಿದ್ದೀರಿ. ಎಡವಟ್ಟಾಗಿರುವುದು ಪಿನ್ನಿನಲ್ಲಿ, ಅಂದರೆ ಗಾಡಿ ಎಲ್ಲಿಗೆ ಬರಬೇಕೆಂದು ಆ್ಯಪಿನ ಮ್ಯಾಪಿನಲ್ಲಿ ತೋರಿಸುವ ಗುರುತಿನಲ್ಲಿ.

ಮನೆಯೊಳಗೆ ಕೂತು ಬುಕ್ ಮಾಡುತ್ತೀರಿ, ಅಲ್ವಾ? ಫೋನು ನಿಮ್ಮ ಜಾಗ ತಿಳಿಯುವುದು ಜಿಪಿಎಸ್ ಉಪಗ್ರಹಗಳ ಸಿಗ್ನಲ್ಲಿನಿಂದ, ಅವು ಇರುವುದು ಸುಮಾರು 20,200 ಕಿಲೋಮೀಟರ್ ಮೇಲೆ. ಬಯಲಿನಲ್ಲಿ ನಿಂತರೆ ಒಳ್ಳೆಯ ಫೋನು ನಿಮ್ಮ ಜಾಗವನ್ನು ಹೆಚ್ಚುಕಮ್ಮಿ 5 ಮೀಟರ್ ಒಳಗೆ ಹಿಡಿಯುತ್ತದೆ. ಕಾಂಕ್ರೀಟ್ ಗೋಡೆಗಳ ನಡುವೆ ಆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಎತ್ತರದ ಕಟ್ಟಡಕ್ಕೆ ಬಡಿದು ಸುತ್ತಿ ಬಂದರಂತೂ ಫೋನು ದೂರವನ್ನೇ ತಪ್ಪಾಗಿ ಲೆಕ್ಕ ಹಾಕುತ್ತದೆ. ಮ್ಯಾಪಿನಲ್ಲಿ ನೀಲಿ ಚುಕ್ಕೆಯ ಸುತ್ತ ತೆಳು ನೀಲಿ ವೃತ್ತ ದೊಡ್ಡದಾಗಿ ಹರಡಿದ್ದರೆ, 'ಇದರೊಳಗೆ ಎಲ್ಲೋ ಇದ್ದೀರಿ' ಅಂತ ಫೋನು ಹೇಳುತ್ತಿದೆ ಎಂದು ತಿಳಿಯಿರಿ.

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಗಾಡಿ ರಸ್ತೆಯ ಮೇಲೇ ನಿಲ್ಲಬೇಕಲ್ಲ, ಅದಕ್ಕೆ ಆ್ಯಪ್ ನಿಮ್ಮ ಚುಕ್ಕೆಯನ್ನು ಹತ್ತಿರದ ರಸ್ತೆಗೆ ಎಳೆದುಕೊಂಡು ಹೋಗಿ ಕೂರಿಸುತ್ತದೆ. ನಿಮ್ಮ ಮನೆ ಕಟ್ಟಡದ ಹಿಂಬದಿಗಿದ್ದರೆ ಹತ್ತಿರದ ರಸ್ತೆ ಆ ಓಣಿಯೇ. ನಡುವೆ ಕಾಂಪೌಂಡ್ ಗೋಡೆ ಇದೆ, ಗೇಟಿಗೆ ಬೀಗ ಇದೆ ಎನ್ನುವುದು ಮ್ಯಾಪಿಗೆ ಗೊತ್ತಿರುವುದಿಲ್ಲ.

ಆದ್ದರಿಂದ ಪಿನ್ನನ್ನು ನೀವೇ ಕೈಯಾರೆ ಎಳೆದು ಇಡಿ. ಮ್ಯಾಪನ್ನು ದೊಡ್ಡದು ಮಾಡಿ, ಸ್ಯಾಟಲೈಟ್ ಚಿತ್ರ ಇದ್ದರೆ ಅದರಲ್ಲಿ ಗೇಟು ಹುಡುಕಿ. ಪಿನ್ ಗೇಟಿನ ಎದುರಿನ ರಸ್ತೆಯ ಮೇಲೇ ಬರಲಿ, ಕಟ್ಟಡದ ಮೇಲೆ ಬೇಡ. ನಂತರ 'ಮನೆ ಮುಂದಿನ ಗೇಟು' ಎಂದು ಸೇವ್ ಮಾಡಿಡಿ. ಅಮ್ಮನ ಫೋನಿನಲ್ಲೂ ಮಾಡಿಕೊಡಿ. ರೈಡ್ ಸಿಕ್ಕ ತಕ್ಷಣ ಡ್ರೈವರಿಗೆ ಒಂದು ಮೆಸೇಜ್ ಹಾಕಿ: 'ದೊಡ್ಡ ಕಪ್ಪು ಗೇಟು, ಸೆಕ್ಯೂರಿಟಿ ಕೋಣೆ ಇದೆ. ಹಿಂದಿನ ಓಣಿಗೆ ಬರಬೇಡಿ.' ಕಣ್ಣಿಗೆ ಕಾಣುವ ಗುರುತು ಇದ್ದರೆ ಸಾಕು. 'ಲೊಕೇಶನ್‌ಗೆ ಬನ್ನಿ' ಎಂದು ಮಾತ್ರ ಹೇಳಬೇಡಿ, ಆತ ಹೋಗಿ ನಿಂತಿರುವುದೇ ಆ ಲೊಕೇಶನ್ನಿನಲ್ಲಿ! ಗಾಡಿ ಎರಡು ನಿಮಿಷದ ದೂರಕ್ಕೆ ಬರುವ ತನಕ ಅಮ್ಮ ಕೂತಿರಲಿ. ಗೇಟಿನ ಹತ್ತಿರ ಒಂದು ಕುರ್ಚಿ ಹಾಕಿಸಿಬಿಡಿ.

ಫ್ಲೈಓವರ್ ಹತ್ತಿರ ಇರುವವರಿಗೂ ಒಂದು ಮಾತು. ಒಂದು ಮಳೆ ರಾತ್ರಿ ಮ್ಯಾಪ್ ನನ್ನನ್ನು ಫ್ಲೈಓವರ್ ಮೇಲೆ ಹತ್ತಿಸಿತು. ಕಾಯುತ್ತಿದ್ದ ಅಜ್ಜ ಮೊಮ್ಮಗಳನ್ನು ಎತ್ತಿಕೊಂಡು ಕೆಳಗಿನ ರಸ್ತೆಯಲ್ಲಿ ನಿಂತಿದ್ದರು. ಮೇಲೆ ನಿಲ್ಲಿಸುವ ಹಾಗಿಲ್ಲ. ಇಳಿದು, ಯೂ ಟರ್ನ್ ಹುಡುಕಿ ವಾಪಸ್ ಬರುವಷ್ಟರಲ್ಲಿ ಮಗು ತೊಯ್ದು ನಡುಗುತ್ತಿತ್ತು. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ. ಎರಡು ರಸ್ತೆ ಒಂದರ ಮೇಲೊಂದು ಇರುವ ಕಡೆ ಪಿನ್ ಇಡಲೇಬೇಡಿ, ಪಕ್ಕದ ಅಡ್ಡರಸ್ತೆಗೆ ಬಂದು ಅಲ್ಲಿಂದ ಬುಕ್ ಮಾಡಿ.

ಪ್ರಶ್ನೆ: ಶೇರ್ ರೈಡ್ ಬುಕ್ ಮಾಡಿದರೆ ಆ್ಯಪ್ ನನ್ನನ್ನೇ 200 ಮೀಟರ್ ನಡೆದು ಬಾ ಅನ್ನುತ್ತದೆ. ಹಣ ಕೊಟ್ಟು ನಾನ್ಯಾಕೆ ನಡೆಯಬೇಕು?

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಆ 200 ಮೀಟರ್ ನಿಮಗೆ ಎರಡೂವರೆ ಮೂರು ನಿಮಿಷದ ನಡಿಗೆ. ಗಾಡಿ ನಿಮ್ಮ ಬಾಗಿಲಿಗೇ ಬರಬೇಕೆಂದರೆ ಒನ್ ವೇ ಸುತ್ತಬೇಕು, ಡಿವೈಡರ್ ದಾಟಲು ಮುಂದಿನ ಸಿಗ್ನಲ್ ತನಕ ಹೋಗಬೇಕು. ಒಳಗೆ ಆಗಲೇ ಕೂತಿರುವ ಇಬ್ಬರ ಹೊತ್ತೂ ಹೋಗುತ್ತದೆ. ನಾಳೆ ಆ ಸೀಟಿನಲ್ಲಿ ನೀವಿರುತ್ತೀರಿ. ಉಬರ್ 2018ರಲ್ಲಿ ಎಕ್ಸ್‌ಪ್ರೆಸ್ ಪೂಲ್ ಎಂಬ ಶೇರ್ ರೈಡ್ ತಂದಾಗ ಇದನ್ನೇ ಮಾಡಿತ್ತು: ಸ್ವಲ್ಪ ಕಾಯಿರಿ, ಸ್ವಲ್ಪ ನಡೆಯಿರಿ, ಕಡಿಮೆ ದುಡ್ಡು ಕೊಡಿ.

ಆ್ಯಪ್ ತೋರಿಸಿದ ಜಾಗವನ್ನು ಕಣ್ಣು ಮುಚ್ಚಿ ಒಪ್ಪಬೇಕು ಅಂತಲೂ ಇಲ್ಲ. ನಡೆಯಲು ಕಷ್ಟ ಇದ್ದರೆ, ದಾಟಲು ಹೆದರಿಕೆಯಾಗುವ ರಸ್ತೆ ನಡುವೆ ಇದ್ದರೆ, ಶೇರ್ ಬಿಟ್ಟು ಮಾಮೂಲಿ ರೈಡ್ ತಗೊಳ್ಳಿ. ನೀವೇ ಜಾಗ ಆರಿಸುವುದಾದರೆ ಡ್ರೈವರ್ ಸೀಟಿನಲ್ಲಿ ಕೂತವರ ಹಾಗೆ ಯೋಚಿಸಿ. ನೀವು ಹೋಗಬೇಕಾದ ದಿಕ್ಕಿಗೆ ಗಾಡಿಗಳು ಓಡುವ ಬದಿ ಆರಿಸಿ. ಸಿಗ್ನಲ್ಲಿಗೆ ಮುಂಚೆ ನಿಲ್ಲುವುದಕ್ಕಿಂತ ಸಿಗ್ನಲ್ ದಾಟಿ ಮೂವತ್ತು ನಲವತ್ತು ಹೆಜ್ಜೆ ಮುಂದೆ ನಿಂತರೆ ಒಳ್ಳೆಯದು. ತಿರುವಿನಲ್ಲೂ ಬಸ್ ಸ್ಟಾಪಿನಲ್ಲೂ ಬೇಡ, ಹಿಂದಿನ ಗಾಡಿಗಳ ಹಾರ್ನಿಗೆ ಡ್ರೈವರ್ ಮುಂದೆ ಹೋಗಿಬಿಡುತ್ತಾನೆ. ಡಬ್ಬಲ್ ಪಾರ್ಕ್ ಮಾಡದೆ ಒಂದು ನಿಮಿಷ ನಿಲ್ಲಿಸಲು ಜಾಗ ಇದೆಯಾ? ಅದನ್ನೇ ನೋಡಿ.

ಪ್ರಶ್ನೆ: ಕೆಲಸ ಮುಗಿಯುವುದು ರಾತ್ರಿ ಹನ್ನೊಂದಕ್ಕೆ. ಒಬ್ಬಳೇ ಎಲ್ಲಿ ನಿಂತು ಕಾಯಲಿ?

ಉತ್ತರ: ತಂಗಿ, ಮೇಲೆ ಹೇಳಿದ್ದನ್ನೆಲ್ಲ ಪಕ್ಕಕ್ಕಿಡು. ರಾತ್ರಿ ಹೊತ್ತು ಡ್ರೈವರಿಗೆ ಅನುಕೂಲ ಆಮೇಲೆ, ಮೊದಲು ನಿನ್ನ ಸುರಕ್ಷತೆ. ಆತ ಒಂದು ಸುತ್ತು ಜಾಸ್ತಿ ಹಾಕಿದರೂ ಪರವಾಗಿಲ್ಲ. ಆಫೀಸಿನ ಒಳಗೆ, ಬೆಳಕಿರುವ ಕಡೆ, ಸೆಕ್ಯೂರಿಟಿಯವರ ಹತ್ತಿರ ಇರು. ಗಾಡಿ ಬಂದು ನಿಂತ ಮೇಲೇ ಹೊರಗೆ ಬಾ. ನಂಬರ್ ಪ್ಲೇಟ್ ಪೂರ್ತಿ ಓದು, ಕೊನೆಯ ಎರಡು ಅಂಕಿ ನೋಡಿ ಹತ್ತಬೇಡ. ನಿನ್ನ ಹೆಸರು ನೀನಾಗಿ ಹೇಳಬೇಡ. 'ಯಾರಿಗೆ ಬುಕ್ ಆಗಿದೆ?' ಎಂದು ಕೇಳು, ಆತನೇ ಹೇಳಲಿ. ಆ್ಯಪಿನಲ್ಲಿ ಹತ್ತುವಾಗ ಡ್ರೈವರ್ ನಿನ್ನಿಂದ ಗುಟ್ಟಿನ ಪಿನ್ ನಂಬರ್ ಕೇಳುವ ವ್ಯವಸ್ಥೆ ಇದ್ದರೆ ಆನ್ ಮಾಡಿಕೋ. ನಿನ್ನ ಟ್ರಿಪ್ಪನ್ನು ಮನೆಯಲ್ಲಿ ಯಾರಾದರೂ ಎಚ್ಚರವಾಗಿರುವವರಿಗೆ ಶೇರ್ ಮಾಡು. ಮನೆ ಬಾಗಿಲು ತೋರಿಸಲು ಇಷ್ಟವಿಲ್ಲದಿದ್ದರೆ ಎರಡು ಮನೆ ಆಚೆ ಇಳಿ, ಆದರೆ ಆ ಜಾಗದಲ್ಲಿ ದೀಪ ಇರಲಿ.